ಅಮ್ಮನ ಈಳಿಗೆಮಣೆಗೆ ಎರಡು ತೂತು

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ನಾರಾಯಣಗೂಡದ ನಮ್ಮ ಮೂರನೇ ಮಹಡಿಯ ಮನೆಯ ಬಾಲ್ಕನಿಯಲ್ಲಿ ಮಂಡಿಯೂರಿ ಕೂತು, ನಾನು ಮೂರನೆಯ ಡ್ರಿಲ್ ಬಿಟ್ಟನ್ನು ಹಾಳು ಮಾಡುತ್ತಿದ್ದೆ. ಕಿರ್ರೋ ಎಂಬ ಸದ್ದಿಗೆ ಕೆಳಗಿನ ಮನೆಯವರು ಒಮ್ಮೆ ಬಂದು ಬಾಗಿಲು ತಟ್ಟಿ ಹೋಗಿದ್ದರು. ಎದುರಿನ ಕಟ್ಟಡದ ಪಾರಿವಾಳಗಳೆಲ್ಲ ಎದ್ದು ಹೋಗಿದ್ದವು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಅಮ್ಮ ಮಾತ್ರ ಎದ್ದಿರಲಿಲ್ಲ. "ಬಿಡಪ್ಪಾ ಸಾಕು, ಅದು ಆಗೋ ಕೆಲಸ ಅಲ್ಲ, ಕೈಗೆ ಗಾಯ ಮಾಡ್ಕೊಂಡೀಯ" ಅಂತ ಐದು ನಿಮಿಷಕ್ಕೊಮ್ಮೆ ಹೇಳುತ್ತಿದ್ದಳು. ಅವಳು ಹಾಗೆ ಹೇಳಿದಷ್ಟೂ ನನಗೆ ಹಟ ಬರುತ್ತಿತ್ತು.

ಕೆಲಸ ಇಷ್ಟೇ: ಅಮ್ಮನ ಈಳಿಗೆಯ ಬುಡದಲ್ಲಿ ಆರು ಮಿಲಿಮೀಟರಿನ ಎರಡು ತೂತು.

ಈ ಅಂಕಣ ಓದುವವರಿಗೆ ಗೊತ್ತಿರುವಂತೆ ಅಪ್ಪ ತೀರಿಕೊಂಡು ವರ್ಷವಾಯಿತು. ಮಧುಗಿರಿ ಕಡೆಯ ನಮ್ಮೂರಿನಲ್ಲಿ ಅಮ್ಮ ಒಬ್ಬಳೇ ಇರುವುದು ಬೇಡವೆಂದು ನಾನೂ ನನ್ನ ಹೆಂಡತಿಯೂ ಒತ್ತಾಯ ಮಾಡಿ ಕರೆತಂದೆವು. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬೆಳಿಗ್ಗೆ ಕಾಚಿಗುಡದಲ್ಲಿ ಇಳಿದಾಗ ಅವಳ ಕೈಯಲ್ಲಿ ಎರಡು ಚೀಲ, ಕಂಕುಳಲ್ಲಿ ಹಳೇ ಸೀರೆಯಲ್ಲಿ ಸುತ್ತಿದ ಗಂಟೊಂದು. ಕೂಲಿಯವನಿಗೂ ಕೊಡಲಿಲ್ಲ, ನನಗೂ ಕೊಡಲಿಲ್ಲ. ಮನೆಗೆ ಬಂದು ಬಿಚ್ಚಿದರೆ ಈಳಿಗೆಮಣೆ.

ನಮ್ಮ ಅಡುಗೆಮನೆಯಲ್ಲಿ ಚಾಕುಗಳು ಆರಿದ್ದವು. ದಾರ ಎಳೆದರೆ ಈರುಳ್ಳಿ ಪುಡಿಪುಡಿಯಾಗುವ ಡಬ್ಬಿ ಇತ್ತು. ತೆಂಗಿನಕಾಯಿ ತುರಿಯುವ ಯಂತ್ರವನ್ನು ಅವಳಿಗೆಂದೇ ತರಿಸಿದ್ದೆ. ಅಮ್ಮ ಎಲ್ಲವನ್ನೂ ನೋಡಿ "ಚೆನ್ನಾಗೈತೆ" ಅಂದಳು, ಯಾವುದನ್ನೂ ಮುಟ್ಟಲಿಲ್ಲ. ನೆಲದ ಮೇಲೆ ಈಳಿಗೆಮಣೆ ಇಟ್ಟುಕೊಂಡು ಕೂತರೆ ಮಾತ್ರ ಅವಳು ನಮ್ಮೂರಿನ ಅಮ್ಮನಂತೆ ಕಾಣುತ್ತಿದ್ದಳು. ಉಳಿದ ಹೊತ್ತಿನಲ್ಲಿ ಸೋಫಾದ ಅಂಚಿನಲ್ಲಿ ನೆಂಟರ ಮನೆಗೆ ಬಂದವಳ ಹಾಗೆ ಕೂರುತ್ತಿದ್ದಳು. ಮೇಲ್ಕೋಟೆ ಪಾರ್ಕಿಗೆ ಕರೆದುಕೊಂಡು ಹೋದೆ. "ಹೆಸರು ನಮ್ದೇ" ಅಂದಳು, ಅಷ್ಟೇ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನಾಲ್ಕು ಜನರ ಜೊತೆ ಕನ್ನಡ ಮಾತಾಡಿ ಬಂದ ದಿನ ಒಂದು ಮುದ್ದೆ ಜಾಸ್ತಿ ಉಂಡಳು. ಮಾರನೇ ದಿನ ಮತ್ತೆ ಅದೇ ಮಾತು: "ನನ್ನನ್ನ ಊರಿಗೆ ಕಳ್ಸಿಬಿಡು." ನಾನು "ಅಲ್ಲಿ ಯಾರಿದ್ದಾರೆ ನಿಂಗೆ?" ಅಂತ ಗದರುವುದು, ಅವಳು ಬಾಯಿ ಮುಚ್ಚಿಕೊಳ್ಳುವುದು, ಇದು ವಾರಕ್ಕೆರಡು ಸಲ ನಡೆಯುತ್ತಿತ್ತು.

ಹೀಗಿರುವಾಗ ಮಣೆಗೆ ಒಳಗೊಳಗೇ ಗೆದ್ದಲು ಹಿಡಿದಿತ್ತೆಂದು ಕಾಣುತ್ತದೆ, ಒಂದು ದಿನ ಕುಂಬಳಕಾಯಿ ಹೆಚ್ಚುವಾಗ ಎರಡು ಹೋಳಾಯಿತು. ಈಳಿಗೆಗೆ ಏನೂ ಆಗಿರಲಿಲ್ಲ. ನಮ್ಮ ಬೀದಿಯ ಬಡಗಿ ತೇಗದ ಹಲಗೆಯಲ್ಲಿ ಹೊಸ ಮಣೆ ಮಾಡಿಕೊಟ್ಟ. ಹಳೆಯ ಕಾಲದವರಂತೆ ಗಾಡಿ ಕೊರೆದು, ಬೆಣೆ ಹೊಡೆದು ಈಳಿಗೆ ನಿಲ್ಲಿಸುವುದು ತನ್ನಿಂದಾಗದು, ಬುಡಕ್ಕೆ ಎರಡು ತೂತು ಹಾಕಿಸಿಕೊಂಡು ಬಂದರೆ ಬೋಲ್ಟು ಬಿಗಿದುಕೊಡುತ್ತೇನೆ ಎಂದ. ತೂತು ತಾನೇ ಅಂದುಕೊಂಡೆ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ತಂದಿದ್ದ ಡ್ರಿಲ್ ಮಶೀನ್ ಇತ್ತು. ಎಂಟೆಕ್ ಮುಗಿಸಿ ಹದಿನಾಲ್ಕು ವರ್ಷ ಕೋಡ್ ಬರೆದವನಿಗೆ ಒಂದು ಕಬ್ಬಿಣದ ಪಟ್ಟಿ ಯಾವ ಲೆಕ್ಕ!

ಮೊದಲನೆಯ ಬಿಟ್ ಅರ್ಧ ಮಿಲಿಮೀಟರ್ ಇಳಿದು ನಿಂತಿತು. ಜೋರಾಗಿ ಅದುಮಿದೆ. ತುದಿ ನೀಲಿಯಾಗಿ ಹೊಗೆಯಾಡಿತು. ಎರಡನೆಯದು ಅಷ್ಟೂ ಇಳಿಯಲಿಲ್ಲ. ಬಿಸಿಯಾಯಿತೆಂದು ಚೊಂಬಿನಿಂದ ನೀರು ಹೊಯ್ದೆ, ಚುಂಯ್ ಅಂತು. ಮೂರನೆಯದು ಅಲ್ಲಿ ಬರೀ ಜಾರುತ್ತಿತ್ತು. ಆ ಸಣ್ಣ ಗುಳಿ ಕನ್ನಡಿಯಂತೆ ಹೊಳೆಯುತ್ತಿತ್ತು. ರಾಣಿಗಂಜಿಗೆ ಹೋಗಿ ದುಬಾರಿಯ ಕೋಬಾಲ್ಟ್ ಬಿಟ್ ತಂದೆ. ಅದೂ ಆ ಗುಳಿಯೊಳಗೆ ಸುತ್ತಿ ಸುತ್ತಿ ಮೂತಿ ಮೊಂಡು ಮಾಡಿಕೊಂಡಿತು.

ಕೊನೆಗೆ ಅಮ್ಮನನ್ನು ಕೇಳಿದೆ: "ಇದನ್ನ ಯಾತರಲ್ಲಿ ಮಾಡ್ಸಿದ್ರಮ್ಮ?"

"ಲಾರಿ ಕಮಾನ್ ಪಟ್ಟೆ ಕಣೋ. ನೀನು ಹುಟ್ಟಿದ ವರ್ಷ ನಿಮ್ಮಪ್ಪ ತುಮಕೂರಿನ ಗುಜರಿಯಲ್ಲಿ ತಗೊಂಡು, ಸೈಕಲ್ಲಿಗೆ ಕಟ್ಕೊಂಡು ಬಂದಿದ್ರು. ನಮ್ಮೂರ ಆಚಾರ್ರು ಎರಡು ದಿನ ಬಡಿದ್ರು. ನಾನೇ ತಿದಿ ಒತ್ತಿದೀನಿ, ನಿನ್ನ ಸೊಂಟದ ಮೇಲೆ ಕೂರಿಸ್ಕೊಂಡು."

ಇದು ನನಗೆ ಗೊತ್ತಿರಲಿಲ್ಲ. ಆ ಈಳಿಗೆಗೂ ನನಗೂ ಒಂದೇ ವಯಸ್ಸು.

ಆ ರಾತ್ರಿ ಕೂತು ಸ್ವಲ್ಪ ಓದಿದೆ. ಕಿಟಕಿ ಸರಳಿನ ಮೆದು ಉಕ್ಕಿನಲ್ಲಿ ಇಂಗಾಲದ ಪಾಲು ಶೇಕಡಾ 0.25ಕ್ಕಿಂತ ಕಡಿಮೆ. ಲಾರಿಯ ಕಮಾನ್ ಪಟ್ಟೆಯಲ್ಲಿ ಅದು 0.5ರಿಂದ 0.6ರ ಆಸುಪಾಸು, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್, ಕೆಲವದರಲ್ಲಿ ಕ್ರೋಮಿಯಂ. ನೋಡುವುದಕ್ಕೆ ವ್ಯತ್ಯಾಸ ಕಾಣದು. ಆದರೆ ಇಷ್ಟು ಇಂಗಾಲವಿರುವ ಉಕ್ಕನ್ನು ಚೆನ್ನಾಗಿ ಕೆಂಪಾಗುವವರೆಗೆ, ಅಂದರೆ ಸುಮಾರು 800 ಡಿಗ್ರಿ ದಾಟಿಸಿ, ತಟಕ್ಕನೆ ಎಣ್ಣೆಗೋ ನೀರಿಗೋ ಅದ್ದಿದರೆ ಒಳಗಿನ ಇಂಗಾಲಕ್ಕೆ ಸರಿದುಕೊಳ್ಳಲು ಸಮಯವೇ ಸಿಗದೆ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಲೋಹ ಗಾಜಿನಂತೆ ಗಡುಸು, ಗಾಜಿನಂತೆಯೇ ಪೆಡಸು. ಅದನ್ನೇ ಮತ್ತೆ ಹಿತವಾಗಿ ಕಾಯಿಸಿದರೆ ಗಡಸು ಸ್ವಲ್ಪ ಇಳಿದು, ಬಾಗಿದರೂ ಮುರಿಯದ ಗುಣ ಬರುತ್ತದೆ. ನಮ್ಮ ಆಚಾರ್ರು ಮೊದಲನೆಯದಕ್ಕೆ ನೀರು ಕುಡಿಸೋದು ಅನ್ನುತ್ತಿದ್ದರು, ಒಟ್ಟು ಕೆಲಸಕ್ಕೆ ಹದ ಹಾಕೋದು ಅನ್ನುತ್ತಿದ್ದರು. ಬೆಲ್ಲದ ಪಾಕಕ್ಕೂ ಹೊಲದ ಮಣ್ಣಿಗೂ ಉಕ್ಕಿಗೂ ನಮ್ಮಲ್ಲಿ ಒಂದೇ ಮಾತು, ಹದ.

ನನ್ನ ತಪ್ಪು ಲೆಕ್ಕದಲ್ಲೂ ಸಿಕ್ಕಿತು. ಆರು ಮಿಲಿಮೀಟರ್ ಬಿಟ್ಟಿನ ಸುತ್ತಳತೆ ಸುಮಾರು 19 ಮಿಲಿಮೀಟರ್. ನನ್ನ ಮಶೀನು ನಿಮಿಷಕ್ಕೆ 3000 ಸುತ್ತು ಸುತ್ತುತ್ತದೆ. ಎಂದರೆ ಬಿಟ್ಟಿನ ಅಂಚು ನಿಮಿಷಕ್ಕೆ 56 ಮೀಟರಿಗೂ ಹೆಚ್ಚು ಓಡುತ್ತಿತ್ತು. ಮೆದು ಉಕ್ಕಿಗೇ 25ರಿಂದ 30 ಮೀಟರ್ ಸಾಕು. ಹದ ಹಾಕಿದ ಉಕ್ಕಿಗೆ ಐದಾರು ಮೀಟರ್, ಅಂದರೆ ನಿಮಿಷಕ್ಕೆ ಮುನ್ನೂರು ಸುತ್ತು. ನಾನು ಹತ್ತು ಪಟ್ಟು ಅವಸರದಲ್ಲಿದ್ದೆ.

ಮರುದಿನ ಸಂಜೆ ಆಫೀಸಿನಿಂದ ಬಂದವನೇ ಈಳಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಮುಷೀರಾಬಾದ್ ಕಡೆಯ ಗಲ್ಲಿಯೊಂದರಲ್ಲಿರುವ ಲೇತ್ ಅಂಗಡಿಗೆ ಹೋದೆ. ಒಂದು ಶಟರಿನಷ್ಟು ಜಾಗ. ಹಳೆಯ ಲೇತು, ಅದಕ್ಕಿಂತ ಹಳೆಯ ಡ್ರಿಲ್ಲು, ಅವೆರಡಕ್ಕಿಂತ ಹಳೆಯ ಚಾಚಾ. ಅವರು ಆ ಹೊಳೆಯುವ ಗುಳಿಯನ್ನು ಕನ್ನಡಕ ಏರಿಸಿ ನೋಡಿದರು, ಹೆಬ್ಬೆರಳು ಆಡಿಸಿದರು, ಆಮೇಲೆ ನನ್ನ ಮುಖ ನೋಡಿ ಕೇಳಿದರು: "ಇಸ್ಕು ಪಾನಿ ಕೌನ್ ಪಿಲಾಯಾ?"

ಇದಕ್ಕೆ ನೀರು ಕುಡಿಸಿದವರು ಯಾರು! ಆಚಾರ್ರ ಮಾತೇ, ಉರ್ದುವಿನಲ್ಲಿ. ಚೊಂಬಿನ ಕತೆ ಹೇಳಿದೆ. ಚಾಚಾ ಹಲ್ಲಿಲ್ಲದ ಬಾಯಲ್ಲಿ ತುಂಬಾ ಹೊತ್ತು ನಕ್ಕರು.

ಆಮೇಲೆ ಅವರು ತೋರಿಸಿದ್ದು ನನಗೆ ಯಾವ ಕಾಲೇಜಿನಲ್ಲೂ ಸಿಗದ ಪಾಠ. ಮೊದಲು ಒಂದು ಅರ ತೆಗೆದುಕೊಂಡು ಈಳಿಗೆಯ ಬುಡದ ಮೂಲೆಗೆ ಉಜ್ಜಿದರು. ಕಷ್ಟಪಟ್ಟು ಹಿಡಿಯಿತು, ಸಣ್ಣ ಪುಡಿ ಉದುರಿತು. ಅದೇ ಅರವನ್ನು ನನ್ನ ಗುಳಿಗೆ ತಾಗಿಸಿದರೆ ಗಾಜಿನ ಮೇಲೆ ಜಾರಿದಂತೆ ಜಾರಿತು. ಬುಡವನ್ನು ಆಚಾರಿ ಕಾಯಿಸಿಯೇ ಇಲ್ಲ, ಅದು ಲಾರಿಯಲ್ಲಿದ್ದಾಗಿನ ಹದದಲ್ಲೇ ಇದೆ, ಅದು ಗಟ್ಟಿ ಹೌದು, ಆದರೆ ಕೊರೆಯಬಹುದಾದಷ್ಟು ಗಟ್ಟಿ, ಅಂದರು. ಕಮಾನ್ ಪಟ್ಟೆಯ ಗಡಸು ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ ನಲವತ್ತರ ಮೇಲೆ, ಐವತ್ತರೊಳಗೆ ಇರುತ್ತದೆ. ಒಳ್ಳೆಯ ಡ್ರಿಲ್ ಬಿಟ್ಟಿನದು ಅರವತ್ತರ ಮೇಲೆ. ಮೊದಲೇ ನಿಧಾನವಾಗಿ ಹೋಗಿದ್ದರೆ ಮೊದಲನೆಯ ಬಿಟ್ಟೇ ಸಾಕಾಗುತ್ತಿತ್ತೇನೋ. ನಾನು ಮೊಂಡಾದ ಬಿಟ್ಟಿನಿಂದ ಉಜ್ಜಿ ಉಜ್ಜಿ ಆ ಒಂದು ಚುಕ್ಕೆಯನ್ನು ಕಾಯಿಸಿದ್ದೆ. ಸುತ್ತಲಿನ ತಣ್ಣನೆಯ ಲೋಹ ಆ ಶಾಖವನ್ನು ಕ್ಷಣದಲ್ಲಿ ಹೀರಿತ್ತು. ಸಾಲದ್ದಕ್ಕೆ ಮೇಲಿಂದ ನೀರು ಹೊಯ್ದಿದ್ದೆ. ಕಮ್ಮಾರ ಕುಲುಮೆಯಲ್ಲಿ ಮಾಡುವ ಕೆಲಸವನ್ನೇ ನಾನು ಬಾಲ್ಕನಿಯಲ್ಲಿ ಮಾಡಿದ್ದೆ. ಆ ಉಕ್ಕನ್ನು ಕೊರೆಯಲಾಗದಂತೆ ಗಟ್ಟಿ ಮಾಡಿದವನು ನಾನೇ.

ಇದನ್ನು ಕೇಳುವಾಗ ನನಗೆ ಅಮ್ಮನ ಮುಚ್ಚಿದ ಬಾಯಿ ನೆನಪಾಯಿತು. ಚಾಚಾಗೆ ಹೇಳಲಿಲ್ಲ.

"ಹಾಗಾದರೆ ಇಡೀ ಈಳಿಗೆಯನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿಬಿಡೋಣವೇ?" ಅಂತ ಕೇಳಿದೆ. ಚಾಚಾ ಕೈ ಅಡ್ಡ ಹಿಡಿದರು. ಹಾಗೆ ಮಾಡಿದರೆ ತೂತು ಸುಲಭ, ಆದರೆ ಅಂಚಿನ ಹದವೂ ಹೋಗುತ್ತದೆ, ಆಮೇಲೆ ಅದು ಬದನೆಕಾಯಿಯನ್ನೂ ಕೊಯ್ಯದು. ನಿಮಗೆ ತೂತು ಬೇಕಾದಲ್ಲಿ ಮಾತ್ರ ಮೆತ್ತಗಾಗಬೇಕು. ಈಳಿಗೆಯ ಅಂಚನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ನೀರು ತುಂಬಿದ ಬಾಣಲೆಯಲ್ಲಿ ಮುಳುಗಿಸಿ ನಿಲ್ಲಿಸಿದರು. ಬುಡ ಮಾತ್ರ ಮೇಲಕ್ಕೆ. ಗ್ಯಾಸ್ ಜ್ವಾಲೆಯನ್ನು ಅದಕ್ಕೆ ಹಿಡಿದು, ಅಂಗಡಿಯ ದೀಪ ಆರಿಸಿದರು. ಕತ್ತಲಲ್ಲೇ ಬಣ್ಣ ಸರಿಯಾಗಿ ಕಾಣುವುದಂತೆ. ಉಕ್ಕು ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಅದು 220, 230 ಡಿಗ್ರಿ. ಆಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ನೀಲಿ ಹೋಗಿ ಬೂದಿಬಣ್ಣವಾಗಿ, ಕೊನೆಗೆ ಕತ್ತಲಲ್ಲಿ ಮಾತ್ರ ಕಾಣುವ ಮಂದ ಕೆಂಪು. ಅಲ್ಲಿಗೆ ನಿಲ್ಲಿಸಿದರು. ಪೂರ್ತಿ ಮೆತ್ತಗಾಗಬೇಕಾದರೆ ಅಯಸ್ಕಾಂತ ಹಿಡಿಯದಷ್ಟು, ಅಂದರೆ 770 ಡಿಗ್ರಿಗೂ ಮೇಲೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಆರಲು ಬಿಡಬೇಕು. ತೂತಿಗೆ ಅಷ್ಟು ಬೇಡ. ಬುಡದ ಸುತ್ತ ಬೆಚ್ಚನೆಯ ಬೂದಿ ಒತ್ತಿ, "ಚಾಯ್ ಪಿಯೇಂಗೆ" ಅಂದರು.

ಚಹಾ ಕುಡಿಯುತ್ತ ನಾನು ಉಕ್ಕಿನ ಕತೆ ತೆಗೆದೆ. ಮೊನ್ನೆ ರಾತ್ರಿ ಓದುವಾಗ ಸಿಕ್ಕಿದ್ದು. ಯುರೋಪಿನವರು ನಮ್ಮ ದೇಶದ ಮೂಸೆಯ ಉಕ್ಕನ್ನು ವೂಟ್ಸ್ ಎಂದು ಕರೆದರು. ಕನ್ನಡ, ತೆಲುಗುಗಳ ಉಕ್ಕು ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತೆಂದು ಬಹಳ ಜನ ವಿದ್ವಾಂಸರ ಅಭಿಪ್ರಾಯ. ಹೈದರಾಬಾದಿನಿಂದ ಉತ್ತರಕ್ಕಿರುವ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಈ ಉಕ್ಕಿಗೆ ಹೆಸರಾದ ಊರು. ಪರ್ಷಿಯಾದ ವ್ಯಾಪಾರಿಗಳು ಅಲ್ಲಿಗೇ ಬಂದು ಕೊಂಡೊಯ್ಯುತ್ತಿದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ನಮ್ಮ ಮಧುಗಿರಿ ಸೀಮೆಯ ಕಬ್ಬಿಣ, ಉಕ್ಕಿನ ಕುಲುಮೆಗಳ ಬಗ್ಗೆ ಬರೆದಿದ್ದಾನೆ. ಲಂಡನ್ನಿನಲ್ಲಿ 1795ರಲ್ಲೇ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಮೇಲೆ ಪ್ರಬಂಧ ಓದಿದ್ದ. 1820ರ ಆಸುಪಾಸಿನಲ್ಲಿ, ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮೊದಲೇ, ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕಿಕೊಂಡು ಪ್ರಯೋಗ ಮಾಡಿದ. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಚಾಚಾಗೆ ಫ್ಯಾರಡೆಯ ಹೆಸರು ರುಚಿಸಲಿಲ್ಲ. ಒಂದು ವಿಷಯ ಮಾತ್ರ ಹಿಡಿಸಿತು. ಇಂಗ್ಲೆಂಡಿನ ಕಮ್ಮಾರರು ತಮ್ಮ ಕಬ್ಬಿಣವನ್ನು ಕಾಯಿಸುವಂತೆಯೇ ಇದನ್ನೂ ಬೆಳ್ಳಗಾಗುವವರೆಗೆ ಕಾಯಿಸಿ ಬಡಿದರೆ ಅದು ಸುತ್ತಿಗೆಯ ಕೆಳಗೆ ಪುಡಿಯಾಗುತ್ತಿತ್ತು. ಇಂಗಾಲ ಹೆಚ್ಚಿರುವ ಆ ಉಕ್ಕಿಗೆ ಕಡಿಮೆ ಶಾಖ, ಮೆಲ್ಲನೆಯ ಪೆಟ್ಟು ಬೇಕು. ನಮ್ಮ ಕಡೆಯವರಿಗೆ ಅದು ಗೊತ್ತಿತ್ತು. "ವೋ ಲೋಗಾಂ ಭೀ ತುಮ್ಹಾರೇಚ್ ಜೈಸೇ" ಅಂತ ಚಾಚಾ ಚಹಾದ ಲೋಟ ಕೆಳಗಿಟ್ಟರು. ಅವರೂ ನಿನ್ನ ಹಾಗೆಯೇ.

ಬೂದಿ ಆರಿತ್ತು. ಅರ ಈಗ ಗುಳಿಯಲ್ಲೂ ಹಿಡಿಯಿತು. ಬುಡವನ್ನು ಕಟ್ಟಿಗೆ ತುಂಡಿನ ಮೇಲಿಟ್ಟು ಎರಡೂ ಕಡೆ ಬಿಗಿದರು. ಸೆಂಟರ್ ಪಂಚಿನಲ್ಲಿ ಗುರುತು ಹೊಡೆದರು. ಡ್ರಿಲ್ಲಿನ ಬೆಲ್ಟನ್ನು ಅತ್ಯಂತ ನಿಧಾನದ ಪುಲ್ಲಿಗೆ ಬದಲಿಸಿದರು. ಮೊದಲು ಮೂರು ಮಿಲಿಮೀಟರಿನ ಬಿಟ್ಟು, ಆಮೇಲೆ ಆರರದು. ಗುರುತಿನ ಮೇಲೆ ದಪ್ಪ ಎಣ್ಣೆಯ ಎರಡು ಹನಿ ಬಿಟ್ಟು, ಹಿಡಿಯನ್ನು ನನ್ನ ಕೈಗೇ ಕೊಟ್ಟರು. "ದಬಾ, ಮಗರ್ ಛೋಡ್ ನಕ್ಕೋ." ಅದುಮು, ಆದರೆ ನಡುವೆ ಬಿಡಬೇಡ. ಬಿಟ್ಟು ಕೊರೆಯುತ್ತಿರಬೇಕು, ಸುಮ್ಮನೆ ಉಜ್ಜುತ್ತಿರಬಾರದು. ಉಜ್ಜಿದರೆ ಮತ್ತೆ ಗಟ್ಟಿಯಾಗುತ್ತದೆ. ಎರಡು ನಿಮಿಷ ಏನೂ ಆಗುತ್ತಿಲ್ಲವೆನ್ನಿಸಿತು. ಆಮೇಲೆ ಬಿಟ್ಟಿನ ಎರಡೂ ಕಡೆಯಿಂದ ಸುರುಳಿ ಸುರುಳಿಯಾಗಿ ಉಕ್ಕಿನ ಎಳೆ ಎದ್ದುಬಂತು, ಜಾಮೂನಿನ ಪಾಕದ ಎಳೆಯ ಹಾಗೆ. ಸದ್ದೇ ಇಲ್ಲ. ಆಚೆ ಬದಿಗೆ ತಲುಪುವಾಗ ಕೈ ಸಡಿಲಿಸು ಅಂದರು, ಇಲ್ಲವಾದರೆ ಬಿಟ್ಟು ಕಚ್ಚಿಕೊಂಡು ಈಳಿಗೆಯನ್ನೇ ತಿರುಗಿಸಿಬಿಡುತ್ತದಂತೆ. ಎರಡು ತೂತಿಗೆ ಇಪ್ಪತ್ತು ನಿಮಿಷ. ನೂರೈವತ್ತು ರೂಪಾಯಿ ತೆಗೆದುಕೊಂಡರು, ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಹಳೆಯ ಉಕ್ಕಿನ ವಸ್ತು ಇಟ್ಟುಕೊಂಡು ನನ್ನ ಹಾಗೆ ಕೈ ತುರಿಸುವವರಿಗೆ ನಾಲ್ಕು ಮಾತು. ಅದು ಏನಾಗಿತ್ತು ಎಂದು ಮೊದಲು ಕೇಳಿ. ಹಳೆಯ ಅರ, ಬೇರಿಂಗು, ಕಮಾನ್ ಪಟ್ಟೆ ಎಲ್ಲವೂ ಬೇರೆ ಬೇರೆ ಜಾತಿ. ಗೊತ್ತಿಲ್ಲದಿದ್ದರೆ ಮೂಲೆಯೊಂದನ್ನು ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ. ಮೆದು ಉಕ್ಕಿನ ಕಿಡಿ ಉದ್ದಕ್ಕೆ ಹೋಗಿ ಆರುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರುಬತ್ತಿಯಂತೆ ಕವಲೊಡೆದು ಚುಕ್ಕಿಗಳಾಗುತ್ತದೆ. ಗುಜರಿಯ ಕಮಾನಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ನೇತುಹಾಕಿ ತಟ್ಟಿದರೆ ಗಂಟೆಯಂತೆ ಅನ್ನಬೇಕು, ಒಡಕು ಸದ್ದು ಬಂದರೆ ಬಿಟ್ಟುಬಿಡಿ. ಬೈಕಿನ ಶಾಕ್ ಅಬ್ಸಾರ್ಬರಿನಂಥ ಮುಚ್ಚಿದ ವಸ್ತುಗಳನ್ನು ಕೊರೆಯಲೂ ಬೇಡಿ, ಕಾಯಿಸಲೂ ಬೇಡಿ, ಸಿಡಿಯುತ್ತವೆ. ಸತುವಿನ ಲೇಪವಿರುವುದನ್ನು ಬೆಂಕಿಗೆ ಹಿಡಿಯಬೇಡಿ, ಆ ಹೊಗೆ ಒಳ್ಳೆಯದಲ್ಲ. ಕಣ್ಣಿಗೆ ಕನ್ನಡಕ ಹಾಕಿ, ಕೈಗೆ ಉಲ್ಲನ್ ಗ್ಲೌಸ್ ಹಾಕಬೇಡಿ, ತಿರುಗುವ ಬಿಟ್ಟು ಅದನ್ನು ಎಳೆದುಕೊಳ್ಳುತ್ತದೆ. ತೀರ ಗಡುಸಾದ ಉಕ್ಕಿಗೆ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಬಿಟ್ಟೇ ಬೇಕು. ಅದೂ ಆಗದಿದ್ದರೆ ನಿಮ್ಮೂರಿನ ಚಾಚಾನನ್ನು ಹುಡುಕಿ.

ಬಡಗಿ ಬೋಲ್ಟು ಬಿಗಿದುಕೊಟ್ಟ ಸಂಜೆ ಅಮ್ಮ ಈಳಿಗೆಮಣೆಯನ್ನು ನೆಲದ ಮೇಲಿಟ್ಟು, ಒಂದು ಮಂಡಿಯಿಂದ ಮಣೆ ಒತ್ತಿ ಕೂತಳು. ಹೆಬ್ಬೆರಳಲ್ಲಿ ಅಂಚು ನೋಡಿದಳು. ಸೋರೆಕಾಯಿಯನ್ನು ತಾಗಿಸಿದಳು, ಅದು ತಾನಾಗಿಯೇ ಎರಡಾಯಿತು. "ಹದ ಹೋಗಿಲ್ಲ" ಅಂದಳು. ನಾನು ಅಲ್ಲೇ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಚಾಚಾ, ಚೊಂಬಿನ ನೀರು, ಬೂದಿ ಎಲ್ಲ ಹೇಳಿದೆ. ನೀರು ಕುಡಿಸಿದ್ದಕ್ಕೆ ಅವಳೂ ಚಾಚಾನಷ್ಟೇ ನಕ್ಕಳು. ಅವಳು ನಮ್ಮ ಮನೆಗೆ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಆಮೇಲೆ ನಾನು ಬೇರೆ ಥರ ಕೇಳಿದೆ. "ಊರಲ್ಲಿ ಏನು ನೋಡ್ಬೇಕು ಅನ್ಸುತ್ತಮ್ಮ?" ಅಂತ. ಸೋರೆಕಾಯಿ ಹೆಚ್ಚುತ್ತಲೇ ಅವಳು ನಿಧಾನವಾಗಿ ಹೇಳುತ್ತ ಹೋದಳು. ಹುಣಸೆ ಮರದ ಕಾಯಿ ಇಳಿಸಬೇಕು. ಅಪ್ಪನ ಹೆಸರಿನ ಪಹಣಿಯ ಕೆಲಸ ಅರ್ಧಕ್ಕೇ ನಿಂತಿದೆ. ಪಕ್ಕದ ಮನೆಯ ಹುಡುಗಿಗೆ ಬಾಣಂತನ. ಯುಗಾದಿಗೆ ಬಾಗಿಲಿಗೆ ತೋರಣ ಕಟ್ಟದೆ ಆ ಮನೆ ಹಾಗೇ ಇರಬಾರದು. ನಾನು ನಡುವೆ ಮಾತಾಡಲಿಲ್ಲ. ಹೇಳಿ ಮುಗಿಸುವ ಹೊತ್ತಿಗೆ ಸೋರೆಕಾಯಿ ಮುಗಿದಿತ್ತು.

ಯುಗಾದಿಗೆ ಹದಿನೈದು ದಿನ ಮುಂಚೆಯೇ ಕಾಚಿಗುಡದಲ್ಲಿ ರೈಲು ಹತ್ತಿಸಿದೆ. ಎರಡು ತಿಂಗಳು ಅಲ್ಲಿರುತ್ತಾಳೆ. ಹೊರಡುವಾಗ ಎರಡು ಚೀಲ ಮಾತ್ರ ಇದ್ದವು. ಗಂಟೆಲ್ಲಿ ಅಂತ ಕೇಳಿದೆ.

"ಈಳಿಗೆಮಣೆ ಅಲ್ಲೇ ಅಡುಗೆಮನೆಯಲ್ಲಿ ಐತೆ" ಅಂದಳು. "ಹೋಗ್ತಾ ಬರ್ತಾ ಅದನ್ನೇನು ಹೊರೋದು, ಭಾರ."